ಮೂರು ಪಂದ್ಯದ ಆಯುಸ್ಸು

ವಿಶ್ವಕಪ್ ಫುಟ್‌ಬಾಲಿನ ಫೈನಲ್ಲನ್ನು ಎಲ್ಲರೂ ನೋಡುತ್ತಾರೆ. ನಾಲ್ಕು ವರ್ಷ ಚೆಂಡಿನ ಕಡೆ ತಿರುಗಿಯೂ ನೋಡದವರು ಆ ಒಂದು ರಾತ್ರಿಗೆ ಬೇಕಾಗುವಷ್ಟು ಪಾಂಡಿತ್ಯವನ್ನು ಎಲ್ಲಿಂದಲೋ ಕಡ ತಂದುಕೊಂಡು ಸೋಫಾದ ಮೇಲೆ ಕೂತಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ತೇರು ಎಳೆಯುವ ದಿನ ಮಾತ್ರ ಜಾತ್ರೆಗೆ ಹೋದವನಿಗೆ ಕಾಣುವುದು ಮುಂದೆ ನಿಂತವನ ಬೆನ್ನು ಮತ್ತು ತಲೆಗಳ ಮೇಲೆ ತೇರಿನ ಕಳಸ, ಅಷ್ಟೇ. ಜಾತ್ರೆ ನೋಡಬೇಕೆಂದರೆ ಅದಕ್ಕೆ ಮುಂಚಿನ ದಿನಗಳಲ್ಲೇ ಹೋಗಬೇಕು. ಬತ್ತಾಸಿನ ಅಂಗಡಿ, ಬಳೆಯಂಗಡಿ, ತೊಟ್ಟಿಲು ಎಲ್ಲವನ್ನೂ ಸುತ್ತಬೇಕು, ಏನನ್ನೂ ಕೊಳ್ಳದೆ ಚೌಕಾಸಿ ಮಾಡಬೇಕು. ವಿಶ್ವಕಪ್ಪಿನಲ್ಲಿ ಆ ಸುತ್ತಾಟದ ಹೆಸರು ಗುಂಪು ಹಂತ. ಡೆನ್ಮಾರ್ಕೂ ಟ್ಯುನೀಷಿಯಾವೂ ತೊಂಬತ್ತು ನಿಮಿಷ ಬೆವರು ಸುರಿಸಿ ಸೊನ್ನೆ–ಸೊನ್ನೆಯಲ್ಲಿ ಮುಗಿಸಿದ ಪಂದ್ಯವನ್ನು ಪೂರ್ತಿ ಕೂತು ನೋಡಿದವರ ಸಂಘವೇನಾದರೂ ಇದ್ದರೆ ನಾನು ಅದರ ಆಜೀವ ಸದಸ್ಯ.

ಆ ಪಂದ್ಯ ನಡೆದದ್ದು 2022ರ ನವೆಂಬರ್ 22ರಂದು, ಕತಾರಿನಲ್ಲಿ. ಜೂನ್–ಜುಲೈ ಬಿಸಿಲಲ್ಲಿ ಅಲ್ಲಿ ಆಡುವುದಿರಲಿ, ಹೊರಗೆ ನಿಲ್ಲುವುದೇ ಕಷ್ಟವೆಂದು ಆ ಸಲ ಕೂಟವನ್ನು ಚಳಿಗಾಲಕ್ಕೆ ತಳ್ಳಿದ್ದರು. 32 ತಂಡ, ನಾಲ್ಕು ನಾಲ್ಕರ ಎಂಟು ಗುಂಪು, ಪ್ರತಿಯೊಬ್ಬರಿಗೂ ಮೂರು ಪಂದ್ಯ. ನವೆಂಬರ್ 20ರಿಂದ ಡಿಸೆಂಬರ್ 2ರವರೆಗೆ ಒಟ್ಟು 48 ಆಟ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆಗೊಂದು, ಸಂಜೆ ಆರೂವರೆಗೊಂದು, ರಾತ್ರಿ ಒಂಬತ್ತೂವರೆಗೊಂದು, ನಡುರಾತ್ರಿ ಹನ್ನೆರಡೂವರೆಗೆ ಇನ್ನೊಂದು. 2014ರಲ್ಲಿ ಬ್ರೆಜಿಲಿನ ಪಂದ್ಯಗಳಿಗಾಗಿ ಬೆಳಗಿನ ಜಾವ ಮೂರೂವರೆಗೆ ಕಣ್ಣುಜ್ಜಿಕೊಂಡು ಕೂತವರಿಗೆ ಈ ವೇಳಾಪಟ್ಟಿಯನ್ನು ಯಾರೋ ನಮ್ಮ ಮನೆಯಲ್ಲೇ ಕೂತು ಬರೆದಂತಿತ್ತು. ಮೂರೂವರೆಯ ಪಂದ್ಯ ಕಚೇರಿಯ ಮೇಜಿನ ಖಾನೆಯಲ್ಲಿ, ಮೊಬೈಲಿನ ಸದ್ದಡಗಿಸಿ ನೋಡುವಂಥದ್ದು. ಆರೂವರೆಯದು ಕಾಫಿ, ಕೋಡುಬಳೆಯ ಜೊತೆಗೆ. ಒಂಬತ್ತೂವರೆಯದಕ್ಕೆ ಮನೆಮಂದಿಯೆಲ್ಲ ಹಾಜರು. ಹನ್ನೆರಡೂವರೆಯದು ಮಾರನೆಯ ದಿನದ ಬಗ್ಗೆ ಯಾವ ಮಹತ್ವಾಕಾಂಕ್ಷೆಯೂ ಇಲ್ಲದವರಿಗೆ.

ನಮ್ಮ ಮನೆಯಲ್ಲಿ ಫುಟ್‌ಬಾಲ್ ಇಲಾಖೆ ಅಮ್ಮನದು. ಅವಳಿಗೆ ಆಫ್‌ಸೈಡ್ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ಆಸೆಯೂ ಇಲ್ಲ. ಅವಳಿಗೆ ಬೇಕಾದದ್ದು ಪಟ್ಟಿ. ಪತ್ರಿಕೆಯ ಜೊತೆ ಬಂದ ವೇಳಾಪಟ್ಟಿಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪ್ರತಿ ಗುಂಪಿನ ಪಕ್ಕ ಪೆನ್ಸಿಲಿನಲ್ಲಿ ನಾಲ್ಕು ಕಲಂ ಎಳೆದು, ಗೆದ್ದದ್ದು, ಸೋತದ್ದು, ಸಮವಾದದ್ದು, ಅಂಕ ಎಂದು ಬರೆದಿಟ್ಟಿದ್ದಳು. ಬೆಂಬಲಕ್ಕೂ ಅವಳದೇ ನಿಯಮ. ಪ್ರತಿ ಪಂದ್ಯ ಶುರುವಾಗುವ ಮುಂಚೆ, “ಯಾವ ದೇಶದಲ್ಲೋ ಜನ ಕಡಿಮೆ?” ಎಂದು ಕೇಳುತ್ತಾಳೆ. ಯಾವುದರಲ್ಲಿ ಕಡಿಮೆಯೋ ಆ ದೇಶ ಅವತ್ತು ನಮ್ಮದು. ಜಗತ್ತಿನ ಅನೇಕ ವಿದೇಶಾಂಗ ನೀತಿಗಳಿಗಿಂತ ಇದು ಸರಳ, ಬಹುಶಃ ಹೆಚ್ಚು ನ್ಯಾಯವಾದದ್ದೂ ಹೌದು.

ಅದೇ 22ರ ಮಧ್ಯಾಹ್ನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ. ಅರ್ಜೆಂಟೀನಾ 36 ಪಂದ್ಯಗಳಿಂದ ಸೋತಿರಲಿಲ್ಲ. ಹತ್ತನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ ಗೋಲು. ಆಮೇಲೆ ಇನ್ನೂ ಮೂರು ಸಲ ಚೆಂಡು ಬಲೆಯೊಳಗೆ ಬಿತ್ತು. ಮೂರೂ ಸಲ ಆಫ್‌ಸೈಡ್ ಬಾವುಟ ಮೇಲೆದ್ದಿತು. ಅರ್ಧದ ಹೊತ್ತಿಗೆ ಆಟ ಮುಗಿದೇಹೋಯಿತೆಂದು ನಾನು ಒಂದು ಕಡತ ತೆಗೆದು ಸಹಿ ಹಾಕುವಷ್ಟರಲ್ಲಿ ಸೌದಿಯ ಅಲ್ ಶೆಹ್ರಿಯ ಗೋಲು, ಐದು ನಿಮಿಷಕ್ಕೆ ಅಲ್ ದೌಸರಿಯದು. 2–1. ಸೌದಿಯ ದೊರೆ ಮಾರನೆಯ ದಿನ ದೇಶಕ್ಕೆಲ್ಲ ರಜೆ ಕೊಟ್ಟುಬಿಟ್ಟರು. ಸಂಜೆ ಮನೆಗೆ ಬಂದಾಗ ಅಮ್ಮ ಪೆನ್ಸಿಲು ಹಿಡಿದು ನಿಂತಿದ್ದಳು. “ಪಾಪ, ಅವನು ಮನೆಗೆ ಹೋಗ್ತಾನಾ ಈಗ?” ಎಂದಳು. ಅವನೆಂದರೆ ಮೆಸ್ಸಿ.

ಹೋಗುವುದಿಲ್ಲ. ಗುಂಪು ಹಂತದ ಸೊಗಸೆಲ್ಲ ಇಲ್ಲೇ ಇದೆ. ನಾಕೌಟಿನಲ್ಲಿ ಒಂದು ಸಲ ಎಡವಿದವನನ್ನು ಕರುಣೆಯಿಲ್ಲದೆ ವಿಮಾನ ಹತ್ತಿಸುತ್ತಾರೆ. ಗುಂಪಿನಲ್ಲಿ ಎಲ್ಲರಿಗೂ ಮೂರು ಪಂದ್ಯದ ಆಯುಸ್ಸು ಖಾತ್ರಿ. ಮೊದಲನೆಯದನ್ನು ಕಳೆದುಕೊಂಡರೂ ಎರಡು ಉಳಿದಿರುತ್ತವೆ. ಸೋತವನು ತಲೆ ಕೆರೆದುಕೊಂಡು, ಇಬ್ಬರನ್ನು ಬೆಂಚಿಗೆ ಕಳಿಸಿ, ಇನ್ನಿಬ್ಬರನ್ನು ಎಬ್ಬಿಸಿ ಮತ್ತೆ ಬರುತ್ತಾನೆ. ಅರ್ಜೆಂಟೀನಾ ಹಾಗೆ ಬಂದು, ಮೆಕ್ಸಿಕೊವನ್ನೂ ಪೋಲೆಂಡನ್ನೂ ಎರಡೆರಡು ಗೋಲಿನಿಂದ ಸೋಲಿಸಿ, ಕೊನೆಗೆ ಕಪ್ಪನ್ನೇ ಒಯ್ದದ್ದು ಈಗ ಮಕ್ಕಳಿಗೂ ಗೊತ್ತು. 2010ರಲ್ಲಿ ಸ್ಪೇನ್ ಕೂಡ ಮೊದಲ ಪಂದ್ಯವನ್ನು ಸ್ವಿಟ್ಜರ್‌ಲೆಂಡಿಗೆ ಸೋತು ಆಮೇಲೆ ವಿಶ್ವವಿಜೇತವಾಯಿತು. ಇವರೆಲ್ಲರಿಗೂ ಹಿರಿಯಣ್ಣ 1982ರ ಇಟಲಿ: ಗುಂಪಿನಲ್ಲಿ ಒಂದನ್ನೂ ಗೆಲ್ಲಲಿಲ್ಲ. ಮೂರೂ ಡ್ರಾ. ಜೊತೆಗಿದ್ದ ಕ್ಯಾಮರೂನಿನದೂ ಮೂರೂ ಡ್ರಾ, ಆದರೆ ಇಟಲಿ ಎರಡು ಗೋಲು ಹೊಡೆದಿತ್ತು, ಕ್ಯಾಮರೂನ್ ಒಂದೇ. ಆ ಒಂದು ಗೋಲಿನ ಬಲದಲ್ಲಿ ಮುಂದೆ ಹೋದ ಇಟಲಿ ಕಪ್ ಗೆದ್ದಿತು. ಒಂದನ್ನೂ ಸೋಲದ ಕ್ಯಾಮರೂನ್ ಮನೆಗೆ ಹೋಯಿತು.

ಕ್ಯಾಮರೂನ್ ಆ ಲೆಕ್ಕವನ್ನು ಎಂಟು ವರ್ಷ ಬಿಟ್ಟು ತೀರಿಸಿಕೊಂಡಿತೆಂದು ನನ್ನ ವಾದ. 1990ರ ಜೂನ್ 8, ಮಿಲಾನ್. ಮೊದಲ ಪಂದ್ಯದಲ್ಲೇ ಮರಡೋನಾ ಇದ್ದ ಅರ್ಜೆಂಟೀನಾವನ್ನು 1–0ಯಿಂದ ಸೋಲಿಸಿದರು, ಅದೂ ಇಬ್ಬರು ಕೆಂಪು ಕಾರ್ಡು ತಿಂದು ಒಂಬತ್ತೇ ಜನ ಉಳಿದು. ಆಮೇಲೆ ರುಮೇನಿಯಾದ ವಿರುದ್ಧ 38 ವರ್ಷದ ರೋಜರ್ ಮಿಲ್ಲಾ ಬದಲಿ ಆಟಗಾರನಾಗಿ ಬಂದು ಎರಡು ಗೋಲು ಹೊಡೆದು ಮೂಲೆಯ ಬಾವುಟದ ಹತ್ತಿರ ಸೊಂಟ ಕುಣಿಸಿದ. ಮೂರನೇ ಪಂದ್ಯದಲ್ಲಿ ಸೋವಿಯತ್ ಒಕ್ಕೂಟಕ್ಕೆ 0–4ರಿಂದ ಸೋತರು, ಆದರೂ ಗುಂಪಿನಲ್ಲಿ ಮೊದಲ ಸ್ಥಾನ. ಹೊಡೆದದ್ದು ಮೂರು, ಹೊಡೆಸಿಕೊಂಡದ್ದು ಐದು, ಮೊದಲಿಗರು ಅವರೇ! ಇಂಥ ಅಂಕಪಟ್ಟಿ ಕಂಡರೆ ನನಗೆ ಒಂದು ತಂಬಿಗೆ ಮಜ್ಜಿಗೆ ಕುಡಿದಷ್ಟು ತೃಪ್ತಿ.

ನಮ್ಮ ದೇಶ ಅಲ್ಲಿಲ್ಲವಲ್ಲ, ನಿಮಗೇಕೆ ಈ ಉಸಾಬರಿ ಎಂದು ಕೇಳುವವರಿದ್ದಾರೆ. ಇಲ್ಲದಿರುವುದೇ ಒಂದು ಅನುಕೂಲ. ಕ್ರಿಕೆಟ್ಟಿನಲ್ಲಿ ನಾವು ಕಕ್ಷಿದಾರರು. ಸೋತರೆ ಅನ್ನ ಸೇರುವುದಿಲ್ಲ. ಫುಟ್‌ಬಾಲಿನಲ್ಲಿ ಯಾರ ಹಂಗೂ ಇಲ್ಲದೆ ಯಾರನ್ನು ಬೇಕಾದರೂ ಪ್ರೀತಿಸಬಹುದು. ಬೆಂಗಳೂರಿನ ಹಲಸೂರಿನ ಪಕ್ಕದ ಗೌತಮಪುರದವರು ಬ್ರೆಜಿಲನ್ನು ಎಷ್ಟು ಹಚ್ಚಿಕೊಂಡಿದ್ದಾರೆಂದರೆ ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಕೋಯಿಕ್ಕೋಡ್ ಬಳಿಯ ಪುಳ್ಳಾವೂರಿನ ಹೊಳೆಯಲ್ಲಿ ಆ ವರ್ಷ ಮೆಸ್ಸಿ, ನೇಮಾರ್, ರೊನಾಲ್ಡೊರ ಆಳೆತ್ತರ ಮೀರಿದ ಕಟೌಟುಗಳು ನಿಂತಿದ್ದನ್ನು ಜಗತ್ತೇ ನೋಡಿತು. ಅಷ್ಟು ನಿಷ್ಠೆ ನನ್ನದಲ್ಲ. ನನ್ನದು ಸಂಜೆಸಂಜೆಗೆ ಬದಲಾಗುವ ಪಕ್ಷಾಂತರ. ಮೂರೂವರೆಗೆ ಕ್ಯಾಮರೂನ್, ಒಂಬತ್ತೂವರೆಗೆ ಸ್ವಿಟ್ಜರ್‌ಲೆಂಡ್. ಈ ಎರಡು ತಂಡಗಳೇ ಎದುರಾದಾಗ ಗೋಲು ಹೊಡೆದ ಬ್ರೀಲ್ ಎಂಬೊಲೊ ಹುಟ್ಟಿದ್ದು ಕ್ಯಾಮರೂನಿನಲ್ಲಿ, ಆಡುವುದು ಸ್ವಿಟ್ಜರ್‌ಲೆಂಡಿಗೆ. ಹೊಡೆದವನು ಕುಣಿಯಲಿಲ್ಲ, ಎರಡೂ ಕೈ ಎತ್ತಿ ಕ್ಷಮಿಸಿ ಎಂಬಂತೆ ಸುಮ್ಮನೆ ನಿಂತ. ಬೇರೆಯವರೆಲ್ಲ ಓಡಿಬಂದು ಅವನನ್ನು ತಬ್ಬಿಕೊಳ್ಳುತ್ತಿದ್ದರು.

ಕುಂದಾಪುರದ ಕಡೆಯ ನನ್ನ ಸ್ನೇಹಿತನೊಬ್ಬ ದೋಹಾದಲ್ಲಿ ಕೆಲಸದಲ್ಲಿದ್ದಾನೆ. ಎಂಟು ಕ್ರೀಡಾಂಗಣಗಳೂ ಒಂದೇ ಊರಿನ ಸುತ್ತಮುತ್ತ ಇದ್ದ ವಿಶ್ವಕಪ್ ಅದು. “ಮಾರಾಯ, ಮಧ್ಯಾಹ್ನ ಒಂದು ಮ್ಯಾಚು, ರಾತ್ರಿ ಒಂದು ಮ್ಯಾಚು, ನಡುವೆ ಮನೆಗೆ ಬಂದು ಗಂಜಿ ಊಟ” ಎಂದು ಫೋನಿನಲ್ಲಿ ಹೊಟ್ಟೆ ಉರಿಸುತ್ತಿದ್ದ. ಮೆಟ್ರೊಗೆ ದಾರಿ ತೋರಿಸಲು ಎತ್ತರದ ಕುರ್ಚಿಯ ಮೇಲೆ ಕೂತ ಹುಡುಗ ಧ್ವನಿವರ್ಧಕದಲ್ಲಿ ಒಂದೇ ರಾಗದಲ್ಲಿ ಕೂಗುತ್ತಿದ್ದುದನ್ನು ಇವನೂ ಕಲಿತು ನನಗೆ ಹಾಡಿ ತೋರಿಸಿದ. ಸರಕು ಸಾಗಿಸುವ ಕಂಟೇನರುಗಳನ್ನೇ ಜೋಡಿಸಿ ಕಟ್ಟಿದ ‘974’ ಎಂಬ ಕ್ರೀಡಾಂಗಣದೊಳಗೆ ಸಮುದ್ರದ ಗಾಳಿ ನೇರ ಬಂದು ಮುಖಕ್ಕೆ ಬಡಿಯುತ್ತದೆಂದ. ಕಂಟೇನರುಗಳ ಸಂಖ್ಯೆಯೂ 974, ಆ ದೇಶದ ಫೋನ್ ಸಂಕೇತವೂ ಅದೇ. ಆಮೇಲೆ ಸ್ವಲ್ಪ ಸುಮ್ಮನಿದ್ದು, ಇವನ್ನೆಲ್ಲ ಕಟ್ಟಿದವರಲ್ಲಿ ಎಷ್ಟು ಜನ ಟಿಕೆಟ್ ಕೊಂಡಾರು ಎಂದೂ ಕೇಳಿದ. ನೇಪಾಳದವರು, ಬಾಂಗ್ಲಾದವರು, ನಮ್ಮವರು. ಅವರ ಕೂಲಿ, ಅವರ ಸಾವುಗಳ ಚರ್ಚೆ ವರ್ಷಗಟ್ಟಲೆ ನಡೆದಿತ್ತು. ಚೆಂಡು ಉರುಳತೊಡಗಿದ ಮೇಲೆ ನಾವೆಲ್ಲ ಅದನ್ನು ಎಷ್ಟು ಬೇಗ ಬದಿಗಿಟ್ಟೆವು ಎನ್ನುವುದೂ ಅಭಿಮಾನಿಗಳ ಖಾತೆಯಲ್ಲಿ ದಾಖಲಾಗಬೇಕಾದ ವಿಷಯವೇ.

ಎರಡನೇ ಸುತ್ತಿನ ಪಂದ್ಯಗಳ ಬಗ್ಗೆ ಹೆಚ್ಚು ಹೇಳಲಾರೆ. ಅವು ಆಲೋಚನೆ ಮಾಡಿಕೊಂಡು ಆಡುವ ಪಂದ್ಯಗಳು. ಜರ್ಮನಿಯನ್ನು ಸೋಲಿಸಿ ಆಕಾಶದಲ್ಲಿದ್ದ ಜಪಾನನ್ನು, ಸ್ಪೇನಿನ ಕೈಯಲ್ಲಿ ಏಳು ಗೋಲು ತಿಂದಿದ್ದ ಕೋಸ್ಟರಿಕಾ ಬಂದು 1–0ಯಿಂದ ಕೆಡವಿದ್ದು ಈ ಸುತ್ತಿನಲ್ಲೇ. ತರ್ಕ ಹುಡುಕಬೇಡಿ. ಮೊದಲ ಸುತ್ತಿನ ನಿದ್ದೆಗಣ್ಣಿನ ಇನ್ನೊಂದು ಸೊನ್ನೆ–ಸೊನ್ನೆ, ಮೊರಾಕ್ಕೊ ಮತ್ತು ಕ್ರೊಯೇಷಿಯಾದ್ದು, ನೆನಪಿರಲಿ: ಆ ಎರಡು ತಂಡಗಳೇ ಮೂರು ವಾರ ಬಿಟ್ಟು ಮೂರನೇ ಸ್ಥಾನಕ್ಕೆ ಸೆಣಸಿದವು. ಮಧ್ಯಾಹ್ನ ಅದನ್ನು ನೋಡುತ್ತ ಆಕಳಿಸಿದವರೆಲ್ಲ ಆಮೇಲೆ ತಮಗೆ ಆಗಲೇ ಗೊತ್ತಿತ್ತು ಎಂದರು.

ಮೂರನೇ ಸುತ್ತು ಬಂದಾಗ ಮನೆಯ ಶಿಸ್ತು ಕೆಡುತ್ತದೆ. ಒಂದು ಗುಂಪಿನ ಎರಡೂ ಪಂದ್ಯ ಒಂದೇ ಗಳಿಗೆಗೆ ಶುರು. ಇದಕ್ಕೊಂದು ಅಪಕೀರ್ತಿಯ ಕಥೆಯಿದೆ. 1982ರಲ್ಲಿ ಅಲ್ಜೀರಿಯಾ ಮೊದಲ ಪಂದ್ಯದಲ್ಲೇ ಪಶ್ಚಿಮ ಜರ್ಮನಿಯನ್ನು ಸೋಲಿಸಿತ್ತು, ತನ್ನ ಕೊನೆಯ ಪಂದ್ಯವನ್ನು ಒಂದು ದಿನ ಮೊದಲೇ ಆಡಿ ಗೆದ್ದು ಕಾಯುತ್ತಿತ್ತು. ಜೂನ್ 25ರಂದು ಸ್ಪೇನಿನ ಹಿಹೋನ್ ಎಂಬ ಊರಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದೆ, ಅಲ್ಜೀರಿಯಾ ಹೊರಗೆ. ಇದು ಇಬ್ಬರಿಗೂ ಮೊದಲೇ ಗೊತ್ತು. ಹತ್ತನೇ ನಿಮಿಷಕ್ಕೆ ಜರ್ಮನಿಯ ಹ್ರುಬೆಶ್ ಒಂದು ಗೋಲು ಹೊಡೆದ. ಆಮೇಲೆ ಸುಮಾರು ಎಂಬತ್ತು ನಿಮಿಷ ಎರಡೂ ತಂಡದವರು ಚೆಂಡನ್ನು ಹಿಂದಕ್ಕೂ ಅಡ್ಡಕ್ಕೂ ದಾಟಿಸುತ್ತ ವಾಯುವಿಹಾರ ಮಾಡಿದರು. ಜನ ಛೀಮಾರಿ ಹಾಕಿದರು, ಗ್ಯಾಲರಿಯಲ್ಲಿ ಅಲ್ಜೀರಿಯನ್ನರು ನೋಟು ಬೀಸಿ ಹಂಗಿಸಿದರು. ನಿಯಮ ಮುರಿದವರು ಯಾರೂ ಇಲ್ಲ, ಆದ್ದರಿಂದ ಶಿಕ್ಷೆಯೂ ಇಲ್ಲ. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ನಡೆಯುತ್ತವೆ. ನಾಚಿಕೆಗೇಡಿನ ಒಂದು ಮಧ್ಯಾಹ್ನದಿಂದ ಜಗತ್ತಿಗೆ ಇಷ್ಟು ಒಳ್ಳೆಯ ಏರ್ಪಾಡು ಸಿಕ್ಕಿದ್ದು ಕಡಿಮೆ.

ಹಾಗಾಗಿ ಕೊನೆಯ ಸುತ್ತಿನಲ್ಲಿ ಟಿವಿಯಲ್ಲೊಂದು, ಮೊಬೈಲಿನಲ್ಲೊಂದು. ಮೊಬೈಲಿನದು ಟಿವಿಗಿಂತ ಅರ್ಧ ನಿಮಿಷ ಹಿಂದೆ. ಪಕ್ಕದ ಮನೆಯ ಟಿವಿ ನಮ್ಮದಕ್ಕಿಂತ ಮುಂದೆ. ಗೋಡೆಯಾಚೆ ಹೋ ಎಂದು ಕೂಗಿದರೆ ನಮ್ಮಲ್ಲಿ ಇನ್ನೇನೋ ಆಗಲಿದೆಯೆಂದು ಅರ್ಥ. ಭವಿಷ್ಯವನ್ನು ಇಷ್ಟು ಅಗ್ಗದಲ್ಲಿ ಯಾವ ಜ್ಯೋತಿಷಿಯೂ ಹೇಳಲಾರ.

ನವೆಂಬರ್ 30ರ ನಡುರಾತ್ರಿಯ ಲೆಕ್ಕ ಕೇಳಿ. ಪೋಲೆಂಡ್ ಅರ್ಜೆಂಟೀನಾಕ್ಕೆ 0–2ರಿಂದ ಸೋಲುತ್ತಿದೆ. ಮೆಕ್ಸಿಕೊ ಸೌದಿಯ ಮೇಲೆ 2–0 ಮುಂದಿದೆ. ಪೋಲೆಂಡಿಗೂ ಮೆಕ್ಸಿಕೊಗೂ ಅಂಕ ಸಮ, ಗೋಲು ಅಂತರ ಸಮ, ಹೊಡೆದ ಗೋಲು ಸಮ, ಅವರಿಬ್ಬರ ನಡುವಿನ ಪಂದ್ಯವೂ ಸೊನ್ನೆ–ಸೊನ್ನೆ. ಇನ್ನು ಉಳಿದದ್ದು ನಡತೆ. ಪೋಲೆಂಡಿನದು ಐದು ಹಳದಿ ಕಾರ್ಡು, ಮೆಕ್ಸಿಕೊದ್ದು ಏಳು. ಪೋಲೆಂಡಿನ ಹನ್ನೊಂದು ಜನ ಕೊನೆಯ ಕಾಲು ಗಂಟೆ ಅರ್ಜೆಂಟೀನಾದವರ ಮೈ ಮುಟ್ಟಲೂ ಹೆದರುತ್ತ, ಸೋಲನ್ನು ಜೋಪಾನವಾಗಿ ಕಾಪಾಡಿಕೊಂಡು ಓಡಾಡುತ್ತಿದ್ದರು. ಅತ್ತ ಮೆಕ್ಸಿಕೊ ಒಂದೇ ಒಂದು ಗೋಲಿಗಾಗಿ ಎಲ್ಲರನ್ನೂ ಮುಂದಕ್ಕೆ ಅಟ್ಟಿತ್ತು. ಅಮ್ಮನಿಗೆ ಈ ಹಳದಿ ಕಾರ್ಡಿನ ಲೆಕ್ಕ ಬಹಳ ಹಿಡಿಸಿತು. “ಸರಿ ಮತ್ತೆ, ಯೋಗ್ಯರು ಮುಂದೆ ಹೋಗ್ಲಿ” ಎಂದು ಪಟ್ಟಿಯಲ್ಲಿ ಐದನೆಯ ಕಲಂ ಎಳೆದಳು. 2018ರಲ್ಲಿ ಸೆನೆಗಲ್ ಇದೇ ರೀತಿ ಎರಡು ಹಳದಿ ಕಾರ್ಡು ಹೆಚ್ಚಾಯಿತೆಂದು ಜಪಾನಿಗೆ ಜಾಗ ಬಿಟ್ಟಿತ್ತು. ಆದರೆ ಈ ಸಲ ಕಲಂ ವ್ಯರ್ಥವಾಯಿತು: 95ನೇ ನಿಮಿಷದಲ್ಲಿ ಅಲ್ ದೌಸರಿ ಮೆಕ್ಸಿಕೊದ ಮೇಲೆ ಗೋಲು ಹೊಡೆದು ಗೋಲು ಅಂತರದಲ್ಲೇ ಕಥೆ ಮುಗಿಸಿದ. 1978ರ ನಂತರ ಮೆಕ್ಸಿಕೊ ಗುಂಪಿನಲ್ಲೇ ಹೊರಬಿದ್ದದ್ದು ಅದೇ ಮೊದಲು.

ಮಾರನೆಯ ರಾತ್ರಿ ಇನ್ನೂ ಮೇಲು. ಜಪಾನ್–ಸ್ಪೇನ್ ಟಿವಿಯಲ್ಲಿ, ಕೋಸ್ಟರಿಕಾ–ಜರ್ಮನಿ ಮೊಬೈಲಿನಲ್ಲಿ. ಆ ಎರಡನೆಯ ಪಂದ್ಯಕ್ಕೆ ರೆಫರಿ ಸ್ಟೆಫನಿ ಫ್ರಪಾರ್. ಪುರುಷರ ವಿಶ್ವಕಪ್ ಪಂದ್ಯವೊಂದರಲ್ಲಿ ಮಹಿಳೆಯೊಬ್ಬರು ಸೀಟಿ ಊದಿದ್ದು ಅದೇ ಮೊದಲು. ಅರ್ಧ ಸಮಯಕ್ಕೆ ಸ್ಪೇನೂ ಜರ್ಮನಿಯೂ ಮುಂದಿದ್ದವು, ದೊಡ್ಡವರ ಮನೆ ಭದ್ರ. 48ನೇ ನಿಮಿಷಕ್ಕೆ ಜಪಾನಿನ ದೊವಾನ್ ಗೋಲು ಹೊಡೆದ. 51ಕ್ಕೆ ಮಿತೊಮಾ ಚೆಂಡನ್ನು ಗೆರೆಯ ಮೇಲಿಂದ ಹಿಂದಕ್ಕೆ ಎಳೆದು ಕೊಟ್ಟ, ತನಾಕಾ ಒಳಗೆ ತಳ್ಳಿದ. ಚೆಂಡು ಗೆರೆ ದಾಟಿತ್ತೋ ಇಲ್ಲವೋ? ನೆಲದ ಮೇಲಿಂದ ನೋಡಿದರೆ ಪೂರ್ತಿ ದಾಟಿದೆ. ಮೇಲಿಂದ ನೋಡಿದರೆ ಚೆಂಡಿನ ಉಬ್ಬಿನ ಒಂದು ಕೂದಲೆಳೆ ಇನ್ನೂ ಗೆರೆಯ ಮೇಲಿದೆ. ಗೋಲು ಎಂದರು. ಅತ್ತ ಎಪ್ಪತ್ತನೇ ನಿಮಿಷಕ್ಕೆ ಕೋಸ್ಟರಿಕಾ 2–1 ಮುಂದೆ! ಆಗ ಮೂರು ನಿಮಿಷ, ಮೂರೇ ನಿಮಿಷ, ಸ್ಪೇನೂ ಜರ್ಮನಿಯೂ ಎರಡೂ ಹೊರಗೆ, ಜಪಾನ್ ಕೋಸ್ಟರಿಕಾ ಒಳಗೆ. ಅಮ್ಮ ಪೆನ್ಸಿಲು ಹಿಡಿದು ಎದ್ದು ನಿಂತಿದ್ದಳು. ಐವತ್ತು ಲಕ್ಷ ಜನರ ಕೋಸ್ಟರಿಕಾ ಅವಳ ಪಕ್ಷ. 73ಕ್ಕೆ ಹಾವರ್ಟ್ಸ್ ಸಮ ಮಾಡಿದ, ಜರ್ಮನಿ 4–2ರಿಂದ ಗೆದ್ದು ಆದರೂ ಮನೆಗೆ ಹೋಯಿತು, ಸ್ಪೇನ್ ಸೋತು ಆದರೂ ಉಳಿಯಿತು. ಜಪಾನ್ ಗುಂಪಿಗೇ ಮೊದಲು.

ಡಿಸೆಂಬರ್ 2ರ ಸಂಜೆಯದಕ್ಕೆ ಹಗೆತನದ ಒಗ್ಗರಣೆಯಿತ್ತು. ದಕ್ಷಿಣ ಕೊರಿಯಾ ಪೋರ್ಚುಗಲ್ ಮೇಲೆ 91ನೇ ನಿಮಿಷದಲ್ಲಿ ಹ್ವಾಂಗ್ ಹೀ-ಚಾನ್ ಹೊಡೆದ ಗೋಲಿನಿಂದ 2–1 ಗೆದ್ದು, ಮೈದಾನದ ನಡುವೆ ಗುಂಪುಗೂಡಿ ಒಂದು ಮೊಬೈಲಿಗೆ ತಲೆ ತಗ್ಗಿಸಿ ನಿಂತಿತು. ಅವರೂ ನಮ್ಮ ಹಾಗೇ! ಇನ್ನೊಂದು ಮೈದಾನದಲ್ಲಿ ಉರುಗ್ವೆ ಘಾನಾದ ಮೇಲೆ 2–0 ಮುಂದಿದೆ. ಇನ್ನೊಂದು ಗೋಲು ಸಿಕ್ಕರೆ ಕೊರಿಯಾ ಹೊರಗೆ. 2010ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಘಾನಾದ ಸೆಮಿಫೈನಲ್ ಕನಸನ್ನು ಗೋಲಿನ ಗೆರೆಯ ಮೇಲೆ ಕೈಯಿಂದ ತಡೆದವನು ಉರುಗ್ವೆಯ ಸ್ವಾರೆಜ್. ಹನ್ನೆರಡು ವರ್ಷ ಕಾದ ಘಾನಾದವರು, ತಾವು ಹೇಗೂ ಮುಳುಗಿದ್ದೇವೆ, ಇವನೂ ಮುಳುಗಲಿ ಎಂಬಂತೆ ಕೊನೆಯ ನಿಮಿಷಗಳಲ್ಲಿ ಗೋಲು ಕಾದರು. ಬೆಂಚಿನ ಮೇಲಿದ್ದ ಸ್ವಾರೆಜ್ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನನಗೇನೋ ಕನಿಕರವಾಯಿತು, ಅಮ್ಮನಿಗೆ ಆಗಲಿಲ್ಲ.

ಈ ಸುಖವೆಲ್ಲ ಬೇರೆಯವರ ಲೆಕ್ಕದ್ದು ಎನ್ನುವುದು ನೆನಪಿದೆ. ನಮ್ಮದೇ ಲೆಕ್ಕ ಬಂದಾಗ ಹೊಟ್ಟೆಯೊಳಗೆ ಬೇರೆಯೇ ಆಗುತ್ತದೆ. 2019ರ ಜನವರಿ, ಏಷ್ಯಾ ಕಪ್, ಯುಎಇ. ಥಾಯ್ಲೆಂಡಿನ ಮೇಲೆ 4–1 ಗೆಲುವು, ಚೆಟ್ರಿಯದು ಎರಡು ಗೋಲು. ಏಷ್ಯಾ ಕಪ್ಪಿನಲ್ಲಿ 1964ರ ನಂತರ ಭಾರತದ ಮೊದಲ ಗೆಲುವು. ಯುಎಇಗೆ ಸೋತೆವು. ಕೊನೆಯದು ಬಹರೇನ್ ಜೊತೆ ಶಾರ್ಜಾದಲ್ಲಿ, ಒಂದು ಡ್ರಾ ಸಾಕು. ತೊಂಬತ್ತು ನಿಮಿಷ ಸೊನ್ನೆ–ಸೊನ್ನೆ, ಗುಂಪಿನಲ್ಲಿ ಭಾರತ ಎರಡನೆಯದು. 91ನೇ ನಿಮಿಷಕ್ಕೆ ಪೆನಾಲ್ಟಿ. ಸೀಟಿ ಊದಿದಾಗ ಭಾರತ ನಾಲ್ಕನೆಯದು, ಕೊನೆಯದು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗಾಗಿ ಚೆಟ್ರಿಯ ಹೆಸರು ಕೂಗಿ ಗಂಟಲು ಹರಿದುಕೊಂಡವರು ಆ ರಾತ್ರಿ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ.

2026ರ ವಿಶ್ವಕಪ್ಪಿಗೆ ತಂಡಗಳನ್ನು 48 ಮಾಡಿದರು. ಮೊದಲು ಮೂರು ಮೂರರ ಹದಿನಾರು ಗುಂಪು ಎಂದಿದ್ದರು. ಆಗ ಕೊನೆಯ ದಿನ ಒಬ್ಬರು ಸುಮ್ಮನೆ ಕೂರಬೇಕು, ಇನ್ನಿಬ್ಬರು ಹಿಹೋನಿನ ವಾಯುವಿಹಾರ ಮಾಡಬಹುದು. ಕತಾರಿನ ಕೊನೆಯ ಸುತ್ತು ಕಂಡ ಮೇಲೆ ಬುದ್ಧಿ ಬಂತು, 2023ರ ಮಾರ್ಚಿನಲ್ಲಿ ಫಿಫಾ ನಾಲ್ಕು ನಾಲ್ಕರ ಹನ್ನೆರಡು ಗುಂಪಿಗೆ ಮರಳಿತು. ಗುಂಪು ಹಂತವೇ 72 ಪಂದ್ಯ. ಮೊದಲ ಎರಡು ಸ್ಥಾನದವರ ಜೊತೆಗೆ ಮೂರನೇ ಬಂದ ಹನ್ನೆರಡರಲ್ಲಿ ಎಂಟು ತಂಡಗಳಿಗೂ ಬಾಗಿಲು ತೆರೆದಿದೆ. 72 ಪಂದ್ಯ ಆಡಿ ಬರೀ 16 ತಂಡಗಳನ್ನು ಕಳಿಸುವುದೆಂದರೆ ಭಯಕ್ಕೆ ನೀರು ಬೆರೆಸಿದ ಹಾಗೆ ಎಂದು ನನ್ನ ಗೊಣಗಾಟ. ಇದನ್ನು ಅಮ್ಮನಿಗೆ ವಿವರಿಸಿದೆ.

“ಮೂರನೇ ಬಂದೋರಿಗೂ ಇದೆಯಾ?” ಎಂದು ಅವಳ ಕಿವಿ ನೆಟ್ಟಗಾಯಿತು. “ಮತ್ತೆ ನಮ್ಮೋರೂ ಮೂರನೇ ಬಂದಿದ್ರು ಅಂದಿದ್ಯಲ್ಲೋ?”

ಬಂದಿದ್ದು ಹೌದು. 2024ರ ಜೂನಿನಲ್ಲಿ, ಅರ್ಹತಾ ಸುತ್ತಿನ ಗುಂಪಿನಲ್ಲಿ, ಕತಾರ್, ಕುವೈತ್ ಆದಮೇಲೆ ನಾವು. ದೋಹಾದಲ್ಲಿ ಕತಾರಿನ ಜೊತೆ ಕೊನೆಯ ಪಂದ್ಯ, 1–0 ಮುಂದಿದ್ದೆವು, ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ತಂದು ಹೊಡೆದ ಗೋಲನ್ನು ರೆಫರಿ ಒಪ್ಪಿದರು, ಆಮೇಲೆ ಇನ್ನೊಂದು ಬಿತ್ತು.

“ಅದು ಅರ್ಹತಾ ಸುತ್ತಮ್ಮ. ಅಲ್ಲಿ ಮೂರನೇದಕ್ಕೆ ಜಾಗ ಇಲ್ಲ. ಇದು ಬೇರೆ ಗುಂಪು.”

“ಗುಂಪು ಅಂದ್ಮೇಲೆ ಎಲ್ಲಾ ಒಂದೇ ಕಣೋ” ಎಂದಳು ಅಮ್ಮ. “ಯಾರಿಗೆ ಬರೀಬೇಕೋ ಅವರಿಗೊಂದು ಕಾಗದ ಬರಿ. ಹಳದಿ ಕಾರ್ಡು ಎಷ್ಟಿತ್ತು ಅಂತಲೂ ಬರಿ.”